ಹೆಪ್ಪುಗಟ್ಟದ ರಬ್ಬರ್ ಹಾಲು

ಶಸ್ತ್ರಕ್ರಿಯೆಯ ಕೈಗವಸು, ಮೂತ್ರ ಹೊರಹೋಗಲು ಹಾಕುವ ಕ್ಯಾತಿಟರ್ ಕೊಳವೆ, ಕಾಂಡೋಮ್ ಇವುಗಳಿಗೆಲ್ಲ ಬಹುಕಾಲದ ಮೂಲವಸ್ತು ರಬ್ಬರ್ ಮರದ ಹಾಲು. ಕನ್ನಡಿಗರಿಗೆ ಈ ಮರದ ಪರಿಚಯ ಸುಳ್ಯ, ಪುತ್ತೂರು, ಬೆಳ್ತಂಗಡಿಯ ಮಳೆಸೀಮೆಯಲ್ಲಿ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲೆಂದು ಸರ್ಕಾರವೇ ಅಲ್ಲಿ ರಬ್ಬರ್ ತೋಟ ಎಬ್ಬಿಸಿತು. ಈಗ ಅವನ್ನು ನೋಡಿಕೊಳ್ಳುವುದು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ.

ತೊಗಟೆ ಕೊರೆದು ಹಾಲಿಳಿಸುವ ಟ್ಯಾಪಿಂಗ್ ನಸುಕಿನ ಕೆಲಸ. ಬಿಸಿಲೇರಿದಂತೆ ತೊಗಟೆಯೊಳಗಿನ ಒತ್ತಡ ಇಳಿದು ಹಾಲು ಕುಗ್ಗುತ್ತದೆ. ಗೆರಟೆಗೆ ಇಳಿದ ಹಾಲಿನಲ್ಲಿ ರಬ್ಬರ್ ಸುಮಾರು ಮೂರನೇ ಒಂದು ಪಾಲು, ಮಿಕ್ಕಿದ್ದು ಬಹುತೇಕ ನೀರು. ಬೆಳೆಗಾರರು ಸಾಮಾನ್ಯವಾಗಿ ಅದಕ್ಕೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಶೀಟ್ ಮಾಡಿ, ಹೊಗೆಯಲ್ಲಿ ಒಣಗಿಸುತ್ತಾರೆ. ಅದು ಟೈರಿನ ದಾರಿ. ಆಸ್ಪತ್ರೆಯ ದಾರಿ ತದ್ವಿರುದ್ಧ: ಅಚ್ಚಿಗೆ ಹತ್ತುವ ತನಕ ಹಾಲು ಹಾಲಾಗಿಯೇ ಇರಬೇಕು. ಅದಕ್ಕಾಗಿ ಬೇಗನೆ ಅಮೋನಿಯಾ ಬೆರೆಸುತ್ತಾರೆ. ಡೇರಿಯಲ್ಲಿ ಕೆನೆ ತೆಗೆಯುವಂಥದೇ ಯಂತ್ರದಲ್ಲಿ ತಿರುಗಿಸಿ ರಬ್ಬರಿನ ಅಂಶವನ್ನು ಶೇ 60ಕ್ಕೆ ಏರಿಸುತ್ತಾರೆ.

ಕಾರ್ಖಾನೆಯಲ್ಲಿ ಇದಕ್ಕೆ ಗಂಧಕ, ಸತುವಿನ ಆಕ್ಸೈಡ್ ಮುಂತಾದವು ಸೇರುತ್ತವೆ. ಗಂಧಕವಿಲ್ಲದಿದ್ದರೆ ಕೈಗವಸು ಸೆಕೆಗೆ ಅಂಟಂಟಾಗಿ, ಎಳೆದರೆ ಹಾಗೆಯೇ ಜೋತುಬೀಳುತ್ತದೆ. ಪಿಂಗಾಣಿಯ ಕೈಯಚ್ಚುಗಳು ಸಾಲಾಗಿ ಬಂದು ಮೊದಲು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ, ಆಮೇಲೆ ಹಾಲಿನಲ್ಲಿ ಮುಳುಗಿ ಏಳುತ್ತವೆ. ಅಲ್ಲಿಯವರೆಗೆ ತಡೆಹಿಡಿದಿದ್ದ ಹೆಪ್ಪು ಅಚ್ಚಿನ ಮೈಮೇಲೆ ತೆಳು ಪೊರೆಯಾಗಿ ಕೂರುತ್ತದೆ. ಅಂಚು ಸುತ್ತಿ, ಬಿಸಿನೀರಿನಲ್ಲಿ ತೊಳೆದು, ಕಾಯಿಸಿ ಕಳಚಿದರೆ ಕೈಗವಸು ಸಿದ್ಧ.

ಕರ್ನಾಟಕದಲ್ಲಿ ಈ ಅದ್ದುವ ವಿದ್ಯೆಯ ದೊಡ್ಡ ನೆಲೆ ಬೆಳಗಾವಿ ಜಿಲ್ಲೆಯ ಕಣಗಲಾ. ಕೇಂದ್ರ ಸರ್ಕಾರ 1966ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಲೇಟೆಕ್ಸ್, ಈಗಿನ ಎಚ್‌ಎಲ್‌ಎಲ್ ಲೈಫ್‌ಕೇರ್, 1985ರಲ್ಲಿ ಅಲ್ಲಿ ಕಾರ್ಖಾನೆ ತೆರೆಯಿತು. ಕಾಂಡೋಮ್ ತಯಾರಿಕೆಯಲ್ಲಿ ಸೂಜಿಮೊನೆಯಷ್ಟು ತೂತನ್ನೂ ವಿದ್ಯುತ್ ಹಾಯಿಸಿ ಒಂದೊಂದಾಗಿ ಹುಡುಕುತ್ತಾರೆ. ಕೈಗವಸಿಗಾದರೆ ಮಾದರಿಗಳಲ್ಲಿ ಒಂದು ಲೀಟರ್ ನೀರು ತುಂಬಿ ನೇತುಹಾಕಿ ನೋಡುವುದೇ ಪರೀಕ್ಷೆ.

ಇಷ್ಟೆಲ್ಲದರಲ್ಲಿ ಹೊರಗಿನವರ ಕಣ್ಣಿಗೆ ಬೀಳದಿದ್ದರೂ ನಿರ್ಣಾಯಕವಾದದ್ದು ತೊಳೆತ. ಮರದ ಹಾಲಿನ ಪ್ರೋಟೀನ್ ಉಳಿದರೆ ಕೆಲವರಿಗೆ ಮೈ ದದ್ದೇಳುತ್ತದೆ, ಉಸಿರೇ ಕಟ್ಟುವುದೂ ಉಂಟು. ಸುಲಭವಾಗಿ ತೊಡಲೆಂದು ಹಾಕುತ್ತಿದ್ದ ಪುಡಿ ಆ ಪ್ರೋಟೀನನ್ನು ಗಾಳಿಗೂ ಹರಡುತ್ತಿತ್ತು. ಅಮೆರಿಕ 2017ರಲ್ಲಿ ಪುಡಿಗೈಗವಸನ್ನೇ ನಿಷೇಧಿಸಿತು. ಬಲೂನು ಊದಿದಾಗ ತುಟಿ ತುರಿಸುವವರು, ಊದಿಕೊಳ್ಳುವವರು ಶಸ್ತ್ರಕ್ರಿಯೆಗೆ ಮುನ್ನ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.