ಸೈನೈಡ್ ದಿಬ್ಬದ ಸುತ್ತ ಒಂದು ಸೈಕಲ್

ಬಂಗಾರಪೇಟೆ ಬಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ಹಿಂದಿನ ಚಕ್ರ ಉಸ್ಸೆಂದಿತು. ಬಳ್ಳಾರಿ ಜಾಲಿಯ ಮುಳ್ಳು. ಕೋಲಾರ ಸೀಮೆಯಲ್ಲಿ ಮಣ್ಣುದಾರಿ ಹಿಡಿದವರಿಗೆ ಮೊದಲ ಸ್ವಾಗತ ಇದರದ್ದೇ; ಇದು ತಪ್ಪಿದರೆ ಮುಂದೆ ನೆಗ್ಗಿಲು ಕಾದಿರುತ್ತದೆ. ಪುಣ್ಯಕ್ಕೆ ಟೈರಿನೊಳಗೆ ಟ್ಯೂಬಿನ ಬದಲು ತೂತು ಮುಚ್ಚುವ ದ್ರವ ಹಾಕಿಸಿದ್ದೆ. ಮುಳ್ಳು ಕಿತ್ತಾಗ ಬೆಳ್ಳಗೆ ನೊರೆ ಉಕ್ಕಿತು, ಚಕ್ರ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಗಟ್ಟಿಯಾಯಿತು. ಪಕ್ಕದ ತೋಟದಲ್ಲಿ ಟೊಮೆಟೊ ಗಿಡಗಳಿಗೆ ಕಡ್ಡಿ ನೆಡುತ್ತಿದ್ದ ಹೆಂಗಸು ಕೈಕೆಲಸ ಬಿಟ್ಟು ನೋಡುತ್ತಿದ್ದರು. “ಟೈರಿಗೆ ಹಾಲು ಕುಡ್ಸಿದ್ದೀರಾ ಅಣ್ಣ?” ಎಂದು ನಕ್ಕರು.

ಈ ಸೈಕಲ್ಲಿಗೆ ಗ್ರಾವೆಲ್ ಬೈಕ್ ಎನ್ನುತ್ತಾರೆ. ರೇಸ್ ಸೈಕಲ್ಲಿನ ಬಾಗಿದ ಹ್ಯಾಂಡಲ್, ಅದಕ್ಕೆ 40 ಮಿಲಿಮೀಟರ್ ಅಗಲದ ಟೈರು, ಆ ಟೈರಿಗೆ ಕಡಿಮೆ ಗಾಳಿ. ಡಾಂಬರಿನಲ್ಲಿ ತುಸು ಮಂದ, ಗರಸು ಮಣ್ಣಿನಲ್ಲಿ ಹಾಯಿ. ಅಮೆರಿಕದ ಕಾನ್ಸಾಸ್ ಹುಲ್ಲುಗಾವಲಿನ ಎಂಪೋರಿಯಾ ಎಂಬ ಊರಲ್ಲಿ 2006ರಲ್ಲಿ ಬರೀ 34 ಮಂದಿ ಜಲ್ಲಿ ರಸ್ತೆಯಲ್ಲಿ 200 ಮೈಲಿ ಓಡಿಸಿದ ಪಂದ್ಯ ಬೆಳೆದು, 2022ರ ಹೊತ್ತಿಗೆ ಈ ಆಟಕ್ಕೆ ವಿಶ್ವ ಚಾಂಪಿಯನ್‌ಷಿಪ್ಪೇ ಬಂತು. ನಮ್ಮಲ್ಲಿ ಇದರ ಬೆಲೆ ಕೇಳಿದವರೆಲ್ಲ “ಇಷ್ಟಕ್ಕೆ ಒಂದು ಸ್ಕೂಟರ್ರೇ ಬರ್ತಿತ್ತಲ್ಲ” ಎನ್ನುತ್ತಾರೆ. ಬರುತ್ತಿತ್ತು, ನಿಜ.

ಆದರೆ ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ಗೆ ಸ್ಕೂಟರಿನಲ್ಲೂ ಹೋಗಿದ್ದೇನೆ, ಕಾರಿನಲ್ಲೂ ಹೋಗಿದ್ದೇನೆ. ಆಗೆಲ್ಲ ಕಂಡದ್ದು ಊರ ನಡುವಿನ ದಿಬ್ಬ, ತುಕ್ಕು ಹಿಡಿದ ಶಾಫ್ಟ್ ಗೋಪುರ, ಮುಚ್ಚಿದ ಗೇಟು. ಗಣಿ ಎಂದರೆ ನೆಲಕ್ಕೆ ಕೊರೆದ ತೂತು ಎಂದೇ ತಿಳಿದಿದ್ದೆ. ಹಳ್ಳಿಗಳ ಬಂಡಿ ಜಾಡು, ಕೆರೆ ಏರಿ, ಹಳಿಯ ಪಕ್ಕದ ಕಾಲುದಾರಿ ಹಿಡಿದು ತುಳಿದ ಮೇಲೆ ಅದು ಎಷ್ಟು ದೂರಕ್ಕೆ ಬೇರು ಬಿಟ್ಟಿತ್ತು ಎಂಬುದು ಕಾಲಿಗೆ ಗೊತ್ತಾಯಿತು.

ಹಳಿಯಿಂದಲೇ ಶುರು ಮಾಡಬಹುದು. ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂದು ಹೆಸರು. ಇಲ್ಲಿಂದ ಮಾರಿಕುಪ್ಪಕ್ಕೆ 1894ರಲ್ಲಿ ರೈಲು ಹಾಕಿದರು. ಕೋರಮಂಡಲ್, ಊರಿಗಾಂ, ಚಾಂಪಿಯನ್: ನಡುವಿನ ನಿಲ್ದಾಣಗಳ ಹೆಸರುಗಳೇ ಗಣಿಯ ವಿಳಾಸ. ಯಂತ್ರ ಬಂದದ್ದು ಈ ಹಳಿಯಲ್ಲಿ, ಬಾಯ್ಲರಿಗೆ ಕಲ್ಲಿದ್ದಲು ಬಂದದ್ದೂ ಹೀಗೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿಗೆ ಕಾಲಿಟ್ಟ ಮೇಲೆ ತಮಿಳು ಸೀಮೆಯಿಂದ, ಆಂಧ್ರದಿಂದ ಕೂಲಿಗಳು ಬಂದರು. ಮೇಸ್ತ್ರಿ, ಎಂಜಿನಿಯರುಗಳು ಇಂಗ್ಲೆಂಡಿನ ಕಾರ್ನ್‌ವಾಲ್ ಎಂಬ ತವರ ಗಣಿಗಳ ಸೀಮೆಯಿಂದ ಹಡಗು ಹತ್ತಿ ಬಂದರು.

ಕರೆಂಟ್ ಬಂದ ಕಥೆ ಇನ್ನೂ ಚೆಂದ. ಕಾವೇರಿ ಧುಮುಕುವ ಶಿವನಸಮುದ್ರದಿಂದ ಇಲ್ಲಿಗೆ ಸುಮಾರು 147 ಕಿಲೋಮೀಟರ್. ಅಷ್ಟು ದೂರ ತಂತಿ ಎಳೆದು 1902ರಲ್ಲಿ ಗಣಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ರಾಜಧಾನಿಯೇ ಎಣ್ಣೆ ದೀಪದಲ್ಲಿದ್ದಾಗ ಬಂಗಾರಕ್ಕೆ ಬೆಳಕಿತ್ತು.

ಸೈನೈಡ್ ದಿಬ್ಬ ಮೂರು ಮೈಲಿ ದೂರದಿಂದಲೇ ಕಾಣುತ್ತದೆ. ಸುತ್ತಲಿನ ಕೆಂಪು ಹೊಲಗಳ ನಡುವೆ ಬೂದು ಬಣ್ಣದ, ಮೇಲೆ ಚಪ್ಪಟೆಯಾದ, ಮಳೆ ಕೊರೆದ ಗೀರುಗಳ ಗುಡ್ಡ. ಗುಡ್ಡವಲ್ಲ, ಹಿಟ್ಟು. ಅದಿರನ್ನು ಹಿಟ್ಟು ಮಾಡಿ, ಸೈನೈಡ್ ನೀರಲ್ಲಿ ತೊಳೆದು, ಚಿನ್ನ ತೆಗೆದುಕೊಂಡು ಉಳಿದದ್ದನ್ನು ಪಕ್ಕಕ್ಕೆ ಸುರಿದದ್ದು. ಆರಂಭದ ದಿನಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಮಿಕ್ಕಿ ಚಿನ್ನ ಸಿಗುತ್ತಿತ್ತು, ಕೊನೆಗೆ ಅದು 3 ಗ್ರಾಂ ಆಸುಪಾಸಿಗೆ ಇಳಿಯಿತು. ಉಳಿದದ್ದೆಲ್ಲ ಇಲ್ಲೇ ಇದೆ. ಎಲ್ಲ ಸೇರಿ 13 ದಿಬ್ಬ, 3 ಕೋಟಿ ಟನ್ನಿಗೂ ಹೆಚ್ಚು. ಸುಮಾರು 120 ವರ್ಷದಲ್ಲಿ ಹೊರಗೆ ಹೋದ ಚಿನ್ನ 800 ಟನ್ ಎಂಬುದು ಲೆಕ್ಕ.

ನಾನು ಹೋದದ್ದು ಆಷಾಢದಲ್ಲಿ, ಹೋಗಬಾರದ ಕಾಲ. ದಿಬ್ಬದ ಮೇಲೆ ಹತ್ತುವುದು ಬೇಡ, ಅದು ಗಣಿ ಕಂಪನಿ ಬಿಜಿಎಂಎಲ್‌ನ ಜಾಗ, ಅನುಮತಿ ಬೇಕು. ಸುತ್ತಿನ ದಾರಿಯೇ ಸಾಕು ಎಂದುಕೊಂಡಿದ್ದೆ. ಸುತ್ತಿನ ದಾರಿಗೇ ದಿಬ್ಬ ಇಳಿದು ಬಂತು. ಗಾಳಿ ಬೀಸಿದಾಗ ಮೇಲಿನ ಅಂಚಿನಿಂದ ಬಿಳಿ ಸೆರಗೊಂದು ಬಿಚ್ಚಿಕೊಂಡಂತೆ ಪುಡಿ ಎದ್ದು ಗಣಿ ಕೆಲಸಗಾರರ ಲೈನು ಮನೆಗಳ ಕಡೆ ಸಾಗಿತು. ದಾರಿಯ ಮೇಲೆ ಅದು ಗೇಣುದ್ದ ಕೂತಿರುವ ಕಡೆ ಅಗಲದ ಟೈರೂ ಸೋಲುತ್ತದೆ. ಮುಂದಿನ ಚಕ್ರ ತನ್ನಿಷ್ಟಕ್ಕೆ ತಿರುಗಿತು, ನಾನು ಮೆಲ್ಲಗೆ ಪಕ್ಕಕ್ಕೆ ಒರಗಿದೆ. ಪೆಟ್ಟೇನಿಲ್ಲ. ಎದ್ದು ಅಂಗೈ ನೋಡಿಕೊಂಡೆ: ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ, ಬೆರಳ ಗೆರೆಗಳೆಲ್ಲ ಎದ್ದು ಕಾಣುವ ಹಾಗೆ ಅಂಟಿತ್ತು. ನಾಲಿಗೆಗೆ ಉಪ್ಪುಪ್ಪು. ಲೈನು ಮನೆಯ ಮುಂದೆ ನೀರು ಹಿಡಿಯುತ್ತಿದ್ದ ಅಜ್ಜಿ ಕೊಡದ ಬಾಯಿಗೆ ತಟ್ಟೆ ಮುಚ್ಚಿ, ನನ್ನ ಕೈಗೆ ಒಂದು ಚೆಂಬು ಸುರಿದು, “ಬಾಯಿ ಮುಕ್ಕಳಿಸಿ ಸಾರ್, ನುಂಗಬೇಡಿ” ಎಂದರು. ಆ ಸಾಲಿನ ಪ್ರತಿ ಕಿಟಕಿಗೂ ಒಂದು ಹಳೆ ಸೀರೆ ಕಟ್ಟಿತ್ತು.

2018ರ ‘ಕೆಜಿಎಫ್’ ಸಿನಿಮಾ ಈ ದಿಬ್ಬಗಳಿಗೆ ದೇಶದ ತುಂಬಾ ಹೆಸರು ತಂದಿತು. ಫೋಟೊ ಹೊಡೆಸಿಕೊಳ್ಳಲು ಬರುವವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ಕಿಟಕಿಯ ಸೀರೆ ಯಾರ ಫೋಟೊದಲ್ಲೂ ನಾನು ನೋಡಿಲ್ಲ.

ಈ ಹಿಟ್ಟೆಲ್ಲ ಬಂದದ್ದು ಆಳದಿಂದ. ಇಲ್ಲಿನ ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನ ಭಾರಕ್ಕೆ ಬಂಡೆಯೇ ಸಿಡಿಯುತ್ತಿತ್ತು. ಹಳಬರ ಬಾಯಲ್ಲಿ ಅದು ‘ಏರ್ ಬ್ಲಾಸ್ಟ್’. ದೂರದಿಂದ ಬಂದವುಗಳ ಪಟ್ಟಿಗೆ ಇನ್ನೊಂದನ್ನು ಸೇರಿಸಬೇಕು. 1965ರಲ್ಲಿ ಇದೇ ಗಣಿಯಲ್ಲಿ, 2.3 ಕಿಲೋಮೀಟರ್ ಕೆಳಗೆ ಉಪಕರಣ ಇಟ್ಟು ಕಾದಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರಿಗೂ ಅವರ ಜಪಾನ್, ಬ್ರಿಟನ್ ಜತೆಗಾರರಿಗೂ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಸಿಕ್ಕಿತು. ಈಗ ಆ ಸುರಂಗಗಳ ತುಂಬಾ ನೀರು.

ಊರು ದಾಟಿ ಬೇತಮಂಗಲದ ಕಡೆ ತಿರುಗಿದರೆ ಸೈಕಲ್ಲಿಗೆ ಮತ್ತೆ ಜೀವ ಬರುತ್ತದೆ. ಗಟ್ಟಿ ಗರಸು, ಬದಿಗೆ ನೀಲಗಿರಿ ತೋಪು, ಹಿಪ್ಪುನೇರಳೆ, ಡೇರಿಗೆ ಹಾಲು ಒಯ್ಯುವ ಟಿವಿಎಸ್‌ಗಳ ಕ್ಯಾನುಗಳ ಸದ್ದು. ತೆಲುಗಿನಲ್ಲಿ ದಾರಿ ಕೇಳಿದರೆ ಕನ್ನಡದಲ್ಲಿ ಹೇಳುತ್ತಾರೆ, ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ. ಗಣಿಗೂ ಊರಿಗೂ ನೀರು ಹೋಗುತ್ತಿದ್ದದ್ದು ಬೇತಮಂಗಲದ ಪಾಲಾರ್ ಕೆರೆಯಿಂದ. ಏರಿಯ ಮೇಲೆ ನಿಂತು ಹಿಂದಕ್ಕೆ ನೋಡಿದೆ. ಒಂದು ಕಡೆಯಿಂದ ನೀರು, ಇನ್ನೊಂದು ಕಡೆಯಿಂದ ತಂತಿ, ಮತ್ತೊಂದು ಕಡೆಯಿಂದ ಹಳಿ. ಇಡೀ ಸೀಮೆಯನ್ನೇ ಹಗ್ಗ ಹಾಕಿ ಒಂದು ಗೂಟಕ್ಕೆ ಕಟ್ಟಿದ ಹಾಗಿತ್ತು.

ಕಾಮಸಮುದ್ರ, ಬೂದಿಕೋಟೆ ಕಡೆಯ ಕಾಡಂಚಿನ ದಾರಿಗಳು ಇದಕ್ಕಿಂತ ಚೆಲುವಾಗಿವೆ. ಆದರೆ ತಮಿಳುನಾಡಿನ ಕಡೆಯಿಂದ ಆನೆಗಳು ಬರುವ ಜಾಗ ಅದು. ಬೆಳಗಿನ ಮಬ್ಬಿನಲ್ಲಿ ಸದ್ದಿಲ್ಲದ ಸೈಕಲ್ಲು ಅಲ್ಲಿ ಜಾಣತನವಲ್ಲ.

ಟೇಲರ್ ಕಂಪನಿಯ ಜನ ಬಂದ ಕಾರ್ನ್‌ವಾಲಿನಲ್ಲಿ ಗಣಿಗಳು ಸತ್ತ ಮೇಲೆ ಅವುಗಳ ಟ್ರಾಮ್ ಹಾದಿಗಳನ್ನೇ ಸೈಕಲ್ ದಾರಿ ಮಾಡಿದ್ದಾರೆ. ಕಾರ್ನ್ ಬ್ರೇ ಬೆಟ್ಟದ ಸುತ್ತ ‘ಗ್ರೇಟ್ ಫ್ಲಾಟ್ ಲೋಡ್’ ಎಂಬ 12 ಕಿಲೋಮೀಟರ್ ಹಾದಿ, ಹಳೆ ಎಂಜಿನ್ ಮನೆಗಳ ಬುಡದಲ್ಲೇ ಹಾಯುತ್ತದೆ. ಆ ಗಣಿಸೀಮೆ 2006ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇಲ್ಲಿ ಒಂದು ಬೋರ್ಡೂ ಇಲ್ಲ. ಬೋರ್ಡು ಬೇಕೇ ಎಂದು ಕೇಳಿದರೆ, ಮೊದಲು ದಿಬ್ಬದ ಧೂಳಿಗೆ ಒಂದು ದಾರಿ ಮಾಡಲಿ ಎಂದೇನು. ದಿಬ್ಬಗಳನ್ನು ಮತ್ತೆ ಜಾಲಿಸಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿದೆ.

ಸಂಜೆ ವಾಪಸು ಬರುವಾಗ ರೈಲ್ವೆ ಗೇಟು ಹಾಕಿತ್ತು. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು, ಹಳಿ ಮುಚ್ಚಲಿಲ್ಲ. ಗಣಿಗೆಂದು ಹಾಕಿದ ಹಳಿಯಲ್ಲಿ ಈಗ ಗಣಿ ಕೆಲಸಗಾರರ ಮಕ್ಕಳು, ಮೊಮ್ಮಕ್ಕಳು ನಸುಕಿನಲ್ಲೇ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ನನ್ನ ಪಕ್ಕ ಬುಲೆಟ್ ನಿಲ್ಲಿಸಿಕೊಂಡಿದ್ದವರು ಸೈಕಲ್ಲಿನ ಬೂದು ಬಣ್ಣ ನೋಡಿ, ಎಲ್ಲಿಗೆ ಹೋಗಿದ್ದೆ ಎಂದು ಕೇಳಲೇ ಇಲ್ಲ. “ಚೈನು ಇವತ್ತೇ ತೊಳೀರಿ, ನಾಳೆಗೆ ಬಿಟ್ರೆ ಹಿಡ್ಕೊಳ್ಳತ್ತೆ” ಎಂದರಷ್ಟೆ. ರೈಲು ಬಂತು. ಬಾಗಿಲ ಕಂಬಿ ಹಿಡಿದು ನಿಂತವರ ಹೆಗಲಲ್ಲಿ ಊಟದ ಚೀಲ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಕೊನೆಯ ಬೋಗಿ ಊರಿಗಾಂ ಕಡೆ ಹೋಗುವ ತನಕ ಗೇಟಿನ ಎರಡೂ ಬದಿಯವರು ಎಂಜಿನ್ ಆರಿಸಿ ನಿಂತಿದ್ದರು.