ಕ್ಯಾಮೆರಾ ಬರುವ ಮೊದಲೇ ನಡೆದ ಕೆಲಸ

ಆಸ್ಪತ್ರೆಯ ಕಥೆ ಹೇಳುವ ಅಮೆರಿಕದ ಧಾರಾವಾಹಿಗಳು ಈಗ ನಮ್ಮ ಮನೆಗಳಲ್ಲೂ ಓಡುತ್ತವೆ. ‘ಇ.ಆರ್.’ (1994–2009), ‘ಹೌಸ್’ (2004–2012), 2005ರಲ್ಲಿ ಆರಂಭವಾಗಿ ಇನ್ನೂ ಮುಗಿಯದ ‘ಗ್ರೇಸ್ ಅನಾಟಮಿ’ಗಳನ್ನು ಕೂತು ನೋಡಿದವರು ನಮ್ಮಲ್ಲಿ ಕಡಿಮೆಯಿಲ್ಲ. ಕಾಯಿಲೆಗಳ ಬಗ್ಗೆ ಅವುಗಳ ಲೇಖಕರು ಸಾಕಷ್ಟು ಓದಿಕೊಂಡೇ ಬರೆದಿರುತ್ತಾರೆ. ಆದರೆ ಆಸ್ಪತ್ರೆಯೊಳಗೆ ಯಾವ ಕೆಲಸವನ್ನು ಯಾರು ಮಾಡುತ್ತಾರೆ ಎಂಬ ಮೂಲ ಸಂಗತಿಯನ್ನೇ ತಪ್ಪಾಗಿ ತೋರಿಸುತ್ತಾರೆ. ಆ ತಪ್ಪಿನ ಭಾರವೆಲ್ಲ ಬೀಳುವುದು ನರ್ಸುಗಳ ಮೇಲೆ. ಟಿವಿಯಲ್ಲಿ ಕಂಡಿದ್ದನ್ನೇ ನಂಬಿಕೊಂಡು ವಾರ್ಡಿಗೆ ಹೋದವರು ಅಲ್ಲಿನ ಸಿಸ್ಟರ್ ಜೊತೆ ಅದೇ ಧೋರಣೆಯಲ್ಲಿ ನಡೆದುಕೊಳ್ಳುತ್ತಾರೆ. ಹಾಗಾಗಿ ಇದನ್ನು ಮನರಂಜನೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅಂಥ ತಪ್ಪು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

‘ರೋಗಿಯ ಪಕ್ಕದಲ್ಲಿ ಸದಾ ಡಾಕ್ಟರೇ ಇರುತ್ತಾರೆ’

‘ಹೌಸ್’ ಧಾರಾವಾಹಿಯಲ್ಲಿ ರಕ್ತ ತೆಗೆಯುವವರು, ಮದ್ದು ಕೊಡುವವರು, ಸ್ಕ್ಯಾನಿಂಗ್ ಯಂತ್ರದ ಮುಂದೆ ಕೂರುವವರು, ಲ್ಯಾಬಿನಲ್ಲಿ ಪರೀಕ್ಷೆ ಮಾಡುವವರು ಎಲ್ಲರೂ ಅದೇ ನಾಲ್ಕೈದು ಡಾಕ್ಟರುಗಳು. ನರ್ಸು ಎಂದರೆ ಹಿನ್ನೆಲೆಯಲ್ಲಿ ಫೈಲು ಹಿಡಿದು ಹಾದುಹೋಗುವ ಆಕೃತಿ. ‘ಗ್ರೇಸ್ ಅನಾಟಮಿ’ಯಲ್ಲಿ ಶಸ್ತ್ರಚಿಕಿತ್ಸೆಯ ವೈದ್ಯರು ರೋಗಿಯ ಮಂಚದ ಬಳಿ ರಾತ್ರಿಯಿಡೀ ಕೂತು ಧೈರ್ಯ ಹೇಳುತ್ತಾರೆ.

ನಿಜವಾದ ಆಸ್ಪತ್ರೆಯಲ್ಲಿ ಡಾಕ್ಟರು ರೌಂಡ್ಸಿಗೆ ಬರುತ್ತಾರೆ, ನೋಡುತ್ತಾರೆ, ಕೇಸ್ ಶೀಟಿನಲ್ಲಿ ಬರೆದು ಮುಂದಿನ ಮಂಚಕ್ಕೆ ನಡೆಯುತ್ತಾರೆ. ಒಬ್ಬ ರೋಗಿಯ ಪಾಲಿಗೆ ಅದು ದಿನದಲ್ಲಿ ಕೆಲವೇ ನಿಮಿಷ. ಮಿಕ್ಕ ಹೊತ್ತೆಲ್ಲ ಪಾಳಿಯ ಮೇಲೆ ಬರುವ ನರ್ಸುಗಳದ್ದು. ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ಮಂಚ ಮಂಚಕ್ಕೂ ನಿಂತು ಹ್ಯಾಂಡೋವರ್ ಕೊಡುತ್ತಾರೆ: ರಾತ್ರಿ ಜ್ವರ ಎಷ್ಟಿತ್ತು, ಡ್ರಿಪ್ಪು ಯಾವ ವೇಗದಲ್ಲಿ ಹೋಗುತ್ತಿದೆ, ಕ್ಯಾನುಲಾ ಚುಚ್ಚಿದ ಜಾಗ ಊದಿದೆಯೇ, ಮೂತ್ರದ ಚೀಲದಲ್ಲಿ ಎಷ್ಟು ಬಂದಿದೆ. ಚಿಕಿತ್ಸೆ ಕಡಿಯದೆ ಸಾಗುವುದು ಈ ಹತ್ತು ನಿಮಿಷದ ಮಾತಿನಿಂದ.

‘ಎದೆಗೆ ಶಾಕ್ ಕೊಟ್ಟಾಗಲೇ ಜೀವ ಉಳಿಯುವುದು’

ತೆರೆಯ ಮೇಲಿನ ತುರ್ತು ದೃಶ್ಯ ಎಲ್ಲರಿಗೂ ಬಾಯಿಪಾಠ. ಮಾನಿಟರಿನಲ್ಲಿ ನೇರ ಗೆರೆ ಮೂಡುತ್ತದೆ, ಡಾಕ್ಟರು ಎಲ್ಲರನ್ನೂ ಹಿಂದೆ ಸರಿಯಲು ಹೇಳಿ ಶಾಕ್ ಕೊಡುತ್ತಾರೆ, ರೋಗಿ ಕಣ್ಣು ಬಿಡುತ್ತಾನೆ. ನೇರ ಗೆರೆ ಎಂದರೆ ಹೃದಯದ ವಿದ್ಯುತ್ ಚಟುವಟಿಕೆಯೇ ನಿಂತಿದೆ ಎಂದರ್ಥ; ಆ ಸ್ಥಿತಿಗೆ ಶಾಕ್ ಚಿಕಿತ್ಸೆಯಲ್ಲ. ಎದೆ ಒತ್ತಬೇಕು, ಅಡ್ರಿನಲಿನ್ ಕೊಡಬೇಕು. ಲಯ ತಪ್ಪಿ ಅದುರುತ್ತಿರುವ ಹೃದಯಕ್ಕೆ ಮಾತ್ರ ಶಾಕ್.

1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ‘ಇ.ಆರ್.’ ಮತ್ತು ‘ಶಿಕಾಗೊ ಹೋಪ್’ ಸೇರಿ ಮೂರು ಕಾರ್ಯಕ್ರಮಗಳಲ್ಲಿ ಹೃದಯ ನಿಂತವರ ಕಥೆ ಏನಾಯಿತೆಂದು ಸಂಶೋಧಕರು ಲೆಕ್ಕ ಹಾಕಿದ್ದರು. ಶೇ 75ರಷ್ಟು ಜನ ಆ ಕ್ಷಣಕ್ಕೆ ಬದುಕಿದ್ದರು. ಮೂರರಲ್ಲಿ ಎರಡು ಪಾಲು ಜನ ಆಸ್ಪತ್ರೆಯಿಂದ ಮನೆಗೂ ಹೋದಂತೆ ತೋರಿಸಲಾಗಿತ್ತು. ವಾಸ್ತವದಲ್ಲಿ, ಸೌಲಭ್ಯವುಳ್ಳ ಆಸ್ಪತ್ರೆಯೊಳಗೇ ಹೃದಯ ನಿಂತವರಲ್ಲೂ ಮನೆ ಸೇರುವವರು ಐವರಲ್ಲಿ ಒಬ್ಬರ ಆಸುಪಾಸು.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಅಂಕಿ ಬೇರೊಂದಿದೆ. ಅಮೆರಿಕದ ಮಯಾಮಿಯಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆಸ್ಪತ್ರೆಯಲ್ಲಿದ್ದಾಗ ಹೃದಯ ನಿಂತ 64 ರೋಗಿಗಳಲ್ಲಿ ಶೇ 84ರಷ್ಟು ಮಂದಿಯ ಸ್ಥಿತಿ ಹದಗೆಡುತ್ತಿರುವ ಸುಳಿವು ಅದಕ್ಕೂ ಮೊದಲಿನ ಎಂಟು ಗಂಟೆಗಳಲ್ಲೇ ದಾಖಲಾಗಿತ್ತು. ದೇಹ ಮೊದಲೇ ಹೇಳುತ್ತದೆ. ನಿಮಿಷಕ್ಕೆ 16 ಇದ್ದ ಉಸಿರು 26ಕ್ಕೆ ಏರುತ್ತದೆ. ಮಧ್ಯಾಹ್ನ ಮೊಮ್ಮಕ್ಕಳ ಬಗ್ಗೆ ಮಾತಾಡಿದ ಅಜ್ಜ ಸಂಜೆ ಹೊದಿಕೆ ಎಳೆಯುತ್ತ ಏನೇನೋ ಬಡಬಡಿಸುತ್ತಾರೆ. ಗಂಟೆಗೆ ಬರಬೇಕಾದಷ್ಟು ಮೂತ್ರ ಬರುವುದಿಲ್ಲ. ಅಂಗೈ ತಣ್ಣಗಿರುತ್ತದೆ. ಬಿಪಿ ಇನ್ನೂ ಸರಿಯಾಗೇ ಇರಬಹುದು. ಸೋಂಕು ರಕ್ತಕ್ಕೆ ಏರಿದ ಎಷ್ಟೋ ರೋಗಿಗಳಲ್ಲಿ ಅದು ಬೀಳುವುದು ತಡವಾಗಿ. ಈ ಚೂರುಗಳನ್ನೆಲ್ಲ ಕೂಡಿಸಿ ‘ಇವರಿಗೆ ಏನೋ ಆಗುತ್ತಿದೆ’ ಎಂದು ಗುರುತಿಸುವವರು, ನಡುರಾತ್ರಿ ಎರಡು ಗಂಟೆಗೆ ಡಾಕ್ಟರಿಗೆ ಫೋನು ಮಾಡುವವರು, ಅವರು ‘ಬೆಳಗ್ಗೆ ನೋಡೋಣ’ ಅಂದರೆ ಬಿಡದೆ ಮತ್ತೆ ಕರೆಯುವವರು ಪಾಳಿಯ ನರ್ಸು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 2012ರಿಂದ ಈ ಗಮನಿಕೆಯನ್ನೇ ಅಂಕಗಳಾಗಿ ಮಾಡಿಕೊಂಡಿದ್ದಾರೆ: ಉಸಿರು, ಆಮ್ಲಜನಕ, ನಾಡಿ, ಬಿಪಿ, ಜ್ವರ, ಎಚ್ಚರ ಒಂದೊಂದಕ್ಕೂ ಅಂಕ, ಮೊತ್ತ ಏರಿದರೆ ತಕ್ಷಣ ಕರೆ ಹೋಗಬೇಕು.

ಧಾರಾವಾಹಿಗೆ ಇದು ದಕ್ಕದಿರುವ ಕಾರಣ ನನಗೆ ಅರ್ಥವಾಗುತ್ತದೆ. ಕ್ಯಾಮೆರಾ ಓಡಿಬರುವುದು ಅನಾಹುತ ಶುರುವಾದ ಮೇಲೆ. ನರ್ಸು ಸಮಯಕ್ಕೆ ಸರಿಯಾಗಿ ಗಮನಿಸಿದ್ದರೆ ಅನಾಹುತ ಆಗುವುದೇ ಇಲ್ಲ, ರೋಗಿ ಮೂರು ದಿನ ಬಿಟ್ಟು ಮನೆಗೆ ಹೋಗುತ್ತಾನೆ. ಅವನಿಗೂ ತಾನು ಎಂಥ ಗಂಡಾಂತರ ದಾಟಿದೆನೆಂದು ತಿಳಿದಿರುವುದಿಲ್ಲ.

‘ಡಾಕ್ಟರು ಹೇಳಿದಷ್ಟು ಮಾಡಿದರೆ ನರ್ಸಿನ ಕೆಲಸ ಮುಗಿಯಿತು’

ಮದ್ದಿನ ಟ್ರೇ ಹಿಡಿದ ನರ್ಸು ಸುಮ್ಮನೆ ತಲುಪಿಸುವವರಲ್ಲ. ಡಾಕ್ಟರ ಕೈಬರಹಕ್ಕೂ ರೋಗಿಯ ರಕ್ತನಾಳಕ್ಕೂ ನಡುವೆ ಇರುವ ಕೊನೆಯ ತಪಾಸಣೆ ಅವರೇ. ಸರಿಯಾದ ರೋಗಿಯೇ, ಸರಿಯಾದ ಔಷಧವೇ, ಪ್ರಮಾಣ, ದಾರಿ, ಹೊತ್ತು ಸರಿಯೇ ಎಂದು ಪ್ರತಿಸಲವೂ ನೋಡಬೇಕು. ಸಾಂದ್ರ ಪೊಟ್ಯಾಸಿಯಮ್ ಕ್ಲೋರೈಡನ್ನು ದ್ರಾವಣದಲ್ಲಿ ಬೆರೆಸಿ ನಿಧಾನಕ್ಕೆ ಬಿಡಬೇಕೇ ಹೊರತು ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಲ್ಲಬಹುದು. ಬರೆದ ಪ್ರಮಾಣ ತಪ್ಪೆಂದು ಕಂಡಾಗ ಕೊಡದೆ ತಡೆಹಿಡಿದು ಕೇಳುವುದು ನರ್ಸಿನ ಕರ್ತವ್ಯ. ‘ಡಾಕ್ಟರು ಬರೆದಿದ್ದರು, ಕೊಟ್ಟೆ’ ಎಂಬ ಮಾತು ಅವರನ್ನು ಹೊಣೆಯಿಂದ ಪಾರುಮಾಡುವುದಿಲ್ಲ.

ಆ ಹೊಣೆ ಅವರದ್ದೇ ಆದ ವೃತ್ತಿಯಿಂದ ಬರುತ್ತದೆ. ನಮ್ಮಲ್ಲಿ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಓದು. ಭಾರತೀಯ ನರ್ಸಿಂಗ್ ಪರಿಷತ್ತಿಗೆಂದೇ 1947ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತ್ತು. ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗದೆ ಕೆಲಸ ಮಾಡುವಂತಿಲ್ಲ. ವಾರ್ಡಿನ ಸಿಸ್ಟರ್‌ಗೆ ಮೇಲಧಿಕಾರಿ ಇನ್‌ಚಾರ್ಜ್ ಸಿಸ್ಟರ್, ಅವರ ಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್, ಅವರೂ ನರ್ಸೇ.

‘ಬುದ್ಧಿವಂತೆಯಾಗಿದ್ದರೆ ಡಾಕ್ಟರಾಗುತ್ತಿದ್ದಳು’

‘ಗ್ರೇಸ್ ಅನಾಟಮಿ’ಯ ಮೊದಲ ಕಂತಿನಲ್ಲೇ ಕಿರಿಯ ವೈದ್ಯರ ಜಗಳದ ನಡುವೆ ‘ನರ್ಸು’ ಎಂಬುದು ಬೈಗುಳವಾಗಿ ಬರುತ್ತದೆ. ‘ಇ.ಆರ್.’ನಲ್ಲಿ ನರ್ಸಾಗಿದ್ದ ಆ್ಯಬಿ ಲಾಕ್‌ಹಾರ್ಟ್ ವೈದ್ಯಕೀಯ ಓದಿಗೆ ಮರಳಿ ಡಾಕ್ಟರಾಗುತ್ತಾಳೆ. ಅದೇ ಅವಳ ಏಳಿಗೆಯ ಕಥೆ. ಅದೇ ಧಾರಾವಾಹಿಯ ಕ್ಯಾರಲ್ ಹ್ಯಾಥವೇ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದೂ ನರ್ಸಾಗಿಯೇ ಉಳಿಯುತ್ತಾಳೆ. ಆ ಕಥೆ ಬರೆದವರಿಗೆ ನಾನು ಕೃತಜ್ಞ.

ವೈದ್ಯಕೀಯ ಮತ್ತು ನರ್ಸಿಂಗ್ ಒಂದೇ ಏಣಿಯ ಮೇಲಿನ, ಕೆಳಗಿನ ಮೆಟ್ಟಿಲುಗಳಲ್ಲ. ನರ್ಸಿಂಗಿನಲ್ಲೇ ಎಂ.ಎಸ್ಸಿ., ಪಿಎಚ್.ಡಿ. ಇವೆ. ಅಮೆರಿಕದ ಕೊಲರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಜೊತೆಗೂಡಿ 1965ರಲ್ಲಿ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ಇಂದು ಅಲ್ಲಿ ಅಂಥ ನರ್ಸುಗಳು ರೋಗ ಪತ್ತೆ ಮಾಡಿ ಔಷಧವನ್ನೂ ಬರೆದುಕೊಡುತ್ತಾರೆ. ಅಷ್ಟೇಕೆ, ದೀಪ ಹಿಡಿದ ಮಹಿಳೆಯೆಂದು ನಾವು ಚಿತ್ರದಲ್ಲಿ ನೋಡುವ ಫ್ಲಾರೆನ್ಸ್ ನೈಟಿಂಗೇಲ್ ಸೈನಿಕರ ಸಾವಿನ ಲೆಕ್ಕವನ್ನು ನಕ್ಷೆಯಲ್ಲಿಟ್ಟು, ಗಾಯಕ್ಕಿಂತ ಸೋಂಕಿನಿಂದ ಸತ್ತವರೇ ಹೆಚ್ಚೆಂದು ಸರ್ಕಾರಕ್ಕೆ ತೋರಿಸಿಕೊಟ್ಟವರು.

‘ಮೈ ತೊಳೆಸಿ ಮಗ್ಗುಲು ಬದಲಿಸುವುದಕ್ಕೆ ಓದು ಏಕೆ?’

ಧಾರಾವಾಹಿಗಳಲ್ಲಿ ಕೋಮಾಕ್ಕೆ ಹೋದವರು ವರ್ಷಗಟ್ಟಲೆ ಮಲಗಿದ್ದರೂ ಮುಖ ಹೊಳೆಯುತ್ತಿರುತ್ತದೆ, ಚರ್ಮ ಸ್ವಚ್ಛವಾಗಿರುತ್ತದೆ. ಹಾಗಿರಬೇಕಾದರೆ ಏನೆಲ್ಲ ನಡೆಯಬೇಕೆಂದು ಯಾರೂ ತೋರಿಸುವುದಿಲ್ಲ. ಅಲುಗಾಡದ ದೇಹದ ಭಾರ ಬೆನ್ನಿನ ಕೆಳಗಿನ ಮೂಳೆ, ಹಿಮ್ಮಡಿ, ಸೊಂಟದ ಮೇಲೆ ಬೀಳುತ್ತದೆ. ಒತ್ತಿದ ಜಾಗಕ್ಕೆ ರಕ್ತ ಹೋಗದೆ ಕೆಲವೇ ಗಂಟೆಗಳಲ್ಲಿ ಮಾಂಸ ಸಾಯತೊಡಗುತ್ತದೆ. ಹಾಸಿಗೆ ಹುಣ್ಣು ಮೂಳೆಯವರೆಗೆ ಇಳಿದು ಸೋಂಕಾಗಿ ಜೀವ ತೆಗೆಯಬಲ್ಲದು. ಮೈ ಒರೆಸುವ ನೆಪದಲ್ಲೇ ನರ್ಸು ಇಡೀ ಚರ್ಮವನ್ನು ಪರೀಕ್ಷಿಸುತ್ತಾರೆ. ಎಲ್ಲಿ ಕೆಂಪಾಗಿದೆ, ಒತ್ತಿದರೆ ಆ ಕೆಂಪು ಮಾಯವಾಗುತ್ತದೆಯೇ ಎಂದು ನೋಡುತ್ತಾರೆ.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯಲ್ಲಿ ಅವರ ಮೇಲೆ ನಡೆದ ಕ್ರೂರ ದಾಳಿಯಿಂದ ಮಿದುಳಿಗೆ ಹಾನಿಯಾಗಿ, ಅವರು ಮತ್ತೆ ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ, ಕೆಇಎಂನ ನರ್ಸುಗಳು ಅವರನ್ನು ನೋಡಿಕೊಂಡರು. ಒಂದು ತಲೆಮಾರು ನಿವೃತ್ತಿಯಾಗಿ ಮುಂದಿನ ತಲೆಮಾರು ಆ ಕೆಲಸ ವಹಿಸಿಕೊಂಡಿತು. ಅವರಿಗೆ ದಯಾಮರಣ ಕೋರಿದ್ದ ಅರ್ಜಿಯ ಮೇಲೆ 2011ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು ಆ ಆರೈಕೆಯನ್ನು ಮನಸಾರೆ ಹೊಗಳಿತು. ಅಷ್ಟು ವರ್ಷ ಮಲಗಿದ್ದ ದೇಹದಲ್ಲಿ ಹಾಸಿಗೆ ಹುಣ್ಣು ಇರಲಿಲ್ಲ. ಓದು, ಕಸುಬು, ಪ್ರೀತಿ ಮೂರೂ ಕೂಡಿದರೆ ಮಾತ್ರ ಆಗುವ ಕೆಲಸ ಇದು.

‘ನರ್ಸೆಂದರೆ ಹೆಂಗಸು, ನರ್ಸೆಂದರೆ ದೇವತೆ’

ನಮ್ಮ ವಾರ್ಡುಗಳಲ್ಲಿ ‘ಬ್ರದರ್’ ಎಂದು ಕರೆಸಿಕೊಳ್ಳುವ ಗಂಡಸರು ಎಷ್ಟೋ ಜನರಿದ್ದಾರೆ. ಬಿಬಿಸಿಯ ‘ಕ್ಯಾಷುವಾಲ್ಟಿ’ ಧಾರಾವಾಹಿ 1986ರಲ್ಲೇ ಚಾರ್ಲಿ ಫೇರ್‌ಹೆಡ್ ಎಂಬ ಪುರುಷ ನರ್ಸನ್ನು ಮುಖ್ಯ ಪಾತ್ರ ಮಾಡಿತ್ತು. ದೇವತೆ ಎಂಬ ಹೊಗಳಿಕೆಯ ಬಗ್ಗೆ ನನಗೆ ಆಕ್ಷೇಪವಿದೆ. ದೇವತೆಗೆ ಸಂಬಳ, ರಜೆ, ಊಟದ ಬಿಡುವು ಬೇಡವೆಂದು ಆಡಳಿತದವರು ಸುಲಭವಾಗಿ ತೀರ್ಮಾನಿಸಿಬಿಡುತ್ತಾರೆ.

2025ರಲ್ಲಿ ಬಂದ ‘ದ ಪಿಟ್’ ಧಾರಾವಾಹಿ ನರ್ಸುಗಳನ್ನು ತೋರಿಸುವ ವಿಷಯದಲ್ಲಿ ಒಂದು ಒಳ್ಳೆಯ ಬೆಳವಣಿಗೆ. ತುರ್ತು ವಿಭಾಗದ ಒಂದೇ ಪಾಳಿಯನ್ನು ಗಂಟೆಗೊಂದರಂತೆ 15 ಕಂತುಗಳಲ್ಲಿ ಹೇಳುವ ಅದರ ಮೊದಲ ಸರಣಿಯಲ್ಲಿ ಇಡೀ ವಿಭಾಗವನ್ನು ನಡೆಸುವವಳು ಡೇನಾ ಎಂಬ ಚಾರ್ಜ್ ನರ್ಸು. ಕಾಯಿಸಿದರೆಂಬ ಸಿಟ್ಟಿಗೆ ರೋಗಿಯೊಬ್ಬ ಅವಳ ಮುಖಕ್ಕೆ ಗುದ್ದುತ್ತಾನೆ. ಜಗತ್ತಿನ ಎಲ್ಲ ಕಡೆಯ ನರ್ಸುಗಳಿಗೂ ಆ ದೃಶ್ಯ ಪರಿಚಿತ.

ತೆರೆಯ ಮೇಲೆ ಇನ್ನೂ ಸರಿಯಾಗಿ ಬಾರದ ಸಂಗತಿ ಒಂದಿದೆ: ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಎಂಬ ಲೆಕ್ಕ. ಲಿಂಡಾ ಏಕನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸಿನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಏರುವುದು ಕಂಡುಬಂತು. ಕ್ಯಾಲಿಫೋರ್ನಿಯಾ 2004ರಿಂದ ಈ ಅನುಪಾತಕ್ಕೆ ಕಾನೂನಿನ ಮಿತಿ ಹಾಕಿದೆ. ತೀವ್ರ ನಿಗಾ ಘಟಕದಲ್ಲಿ ಒಬ್ಬ ನರ್ಸಿಗೆ ಇಬ್ಬರಿಗಿಂತ ಹೆಚ್ಚು ರೋಗಿಗಳಿರುವಂತಿಲ್ಲ. ನಮ್ಮಲ್ಲಿ ಮನೆಯವರನ್ನು ಆಸ್ಪತ್ರೆಗೆ ಸೇರಿಸುವಾಗ ಯಾವ ಡಾಕ್ಟರು, ಯಾವ ಯಂತ್ರ, ಎಷ್ಟು ಖರ್ಚು ಎಂದೆಲ್ಲ ವಿಚಾರಿಸುತ್ತೇವೆ. ರಾತ್ರಿ ಪಾಳಿಯಲ್ಲಿ ಆ ವಾರ್ಡಿಗೆ ಎಷ್ಟು ಮಂದಿ ನರ್ಸುಗಳು ಎಂದೂ ದಯವಿಟ್ಟು ಕೇಳಿ, ಉತ್ತರ ಸಿಗುವವರೆಗೆ ಕೇಳಿ.