ಅಜ್ಜಿಯ ಸೆರಗಿಗೆ ಕಟ್ಟು ಹಾಕಿಸುವಾಗ

1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲೇ ಇದ್ದವು. ನೌಕರಿ, ಓದು ಎಂದು ಆ ಕಡೆಯವರು ಮುಂಬಯಿಯ ರೈಲು ಹತ್ತಿದಾಗ ಹೆಣ್ಣುಮಕ್ಕಳ ಟ್ರಂಕಿನಲ್ಲಿ ಇಳಕಲ್ ಸೀರೆ, ಖಣದ ಕುಪ್ಪಸ, ಕೂಸಿನ ಕುಂಚಿಗೆ, ಕುಲಾಯಿಗಳೂ ಬಂದವು. ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯಿರುವ ವಡಾಲದಲ್ಲಿ, ಪಕ್ಕದ ಮಾಟುಂಗಾದಲ್ಲಿ ನೆಲೆಯೂರಿದ ಮನೆಗಳಲ್ಲಿ ಈಗ ಮೊಮ್ಮಕ್ಕಳ ಕಾಲ. ಸೀರೆಯ ಒಡಲು ಜೀರ್ಣವಾಗಿದ್ದರೂ ಸೆರಗಿನ ಕಸೂತಿ ಉಳಿದಿರುತ್ತದೆ. ಅದನ್ನು ಗೋಡೆಗೆ ಹಾಕುವ ಆಸೆ ಒಳ್ಳೆಯದೇ. ಟ್ರಂಕಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ.

ಹಿಂದೆಯೂ ನಮ್ಮ ಪಡಸಾಲೆಗಳಲ್ಲಿ ಹೊಲಿಗೆಗೆ ಕಟ್ಟು ಹಾಕಿಸುತ್ತಿದ್ದರು: ಮ್ಯಾಟಿ ಬಟ್ಟೆಯ ಮೇಲಿನ ಗಿಳಿ, ಜಿಂಕೆ, ‘ಸುಸ್ವಾಗತ’. ಅವು ಗೋಡೆಗೆಂದೇ ಹುಟ್ಟಿದವು. ಸೆರಗು ಹಾಗಲ್ಲ. ಉಟ್ಟು, ಒಗೆದು, ಬಿಸಿಲಿಗೆ ಹಾಕಿ ದಣಿದ ಬಟ್ಟೆ ಅದು.

ಧಾರವಾಡದ ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಯ್ಗೆ, ಮೆಂತ್ಯೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ ಮೂಡಿಸುತ್ತಾರೆ. ಗಂಟು ಹಾಕುವಂತಿಲ್ಲ. ಗವಂತಿಯಲ್ಲೂ ಮುರಗಿಯಲ್ಲೂ ಎರಡು ಮೈ ಒಂದೇ ಬಗೆ ಕಾಣುತ್ತದೆ. ಫ್ರೇಮಿನ ಅಂಗಡಿಯಲ್ಲಿ ಇದನ್ನು ರಟ್ಟಿಗೆ ಅಂಟು ಹಚ್ಚಿ ಕೂಡಿಸಿದರೆ ಹೆಣ್ಣುಮಗಳೊಬ್ಬಳು ಕಣ್ಣು ಸೋಲಿಸಿಕೊಂಡು ಸಾಧಿಸಿದ ಆ ಹಿಂಬದಿ ಹೋಯಿತೆಂದೇ ಲೆಕ್ಕ. ಅಂಟು ಕೆಲ ವರ್ಷಗಳಲ್ಲಿ ಹಳದಿಗಟ್ಟುತ್ತದೆ, ಬಟ್ಟೆಯನ್ನೂ ಬಿರುಸಾಗಿಸುತ್ತದೆ, ಕೀಳಲು ಹೋದರೆ ಎಳೆಯೇ ಬರುತ್ತದೆ. ಗುಂಡುಪಿನ್ನು, ಸ್ಟೇಪಲ್ ಕೂಡ ಬೇಡ, ತುಕ್ಕಿನ ಕಲೆ ಹೋಗುವುದಿಲ್ಲ.

ಸರಿಯಾದ ದಾರಿ ನಿಧಾನದ್ದು. ಆಮ್ಲವಿಲ್ಲದ ರಟ್ಟಿಗೆ ಒಗೆದು ಗಂಜಿ ತೆಗೆದ ಹತ್ತಿ ಬಟ್ಟೆ ಬಿಗಿದು, ಅದರ ಮೇಲೆ ಕಸೂತಿಯನ್ನು ಹರಡಿ, ನಯವಾದ ದಾರದಿಂದ ಅಂಚಿನ ಸುತ್ತ ಸಡಿಲ ಹೊಲಿಗೆ ಹಾಕಬೇಕು. ಸೂಜಿ ಎಳೆಗಳ ನಡುವಿನ ಸಂದಿನಲ್ಲಿ ಇಳಿಯಬೇಕು, ಎಳೆಯನ್ನು ಸೀಳಬಾರದು. ನಾಳೆ ಬಿಚ್ಚಬೇಕೆಂದರೆ ಕತ್ತರಿಯಿಂದ ಆ ದಾರವಷ್ಟೇ ಕತ್ತರಿಸಿದರೆ ಸಾಕು. ಗಾಜು ಬಟ್ಟೆಗೆ ತಾಕಬಾರದು. ಮುಂಬಯಿಯ ತೇವದಲ್ಲಿ ಗಾಜಿನ ಒಳಮೈ ಬೆವರಿದರೆ ಬೂಷ್ಟು ಹಿಡಿಯುವುದು ಮೊದಲು ಆ ತಾಕುವ ಜಾಗಕ್ಕೇ. ಆದ್ದರಿಂದ ನಡುವೆ ದಪ್ಪ ರಟ್ಟಿನ ಅಂಚುಪಟ್ಟಿ ಇಡಿಸಿ. ಹಿಂಬದಿ ತೋರಿಸುವ ಆಸೆಯಿದ್ದರೆ ಹಿಂದಿನ ರಟ್ಟಿಗೆ ಕಿಟಕಿ ಕೊರೆಸಬಹುದು, ಬಟ್ಟೆ ಗಟ್ಟಿಯಿದ್ದರೆ ಮಾತ್ರ.

ಫ್ರೇಮು ಮಾಡುವ ಮೊದಲು ಒಗೆಯುವ ಅವಸರ ಬೇಡ. ಹಳೆಯ ಕೆಂಪು, ಕಪ್ಪು ಬಣ್ಣಗಳು ಬಿಡುತ್ತವೆ. ಒದ್ದೆ ಬಿಳಿ ಬಟ್ಟೆಯನ್ನು ಮೂಲೆಯಲ್ಲಿ ಒತ್ತಿ ನೋಡಿ, ಬಣ್ಣ ಅಂಟಿದರೆ ನೀರಿನ ಮಾತೇ ಬೇಡ. ಇಸ್ತ್ರಿ ಬೇಕೇ ಬೇಕೆಂದರೆ ದಪ್ಪ ಟವೆಲ್ ಹಾಸಿ, ಹಿಂಬದಿಯಿಂದ, ಕಡಿಮೆ ಬಿಸಿಯಲ್ಲಿ. ಜರಿ ಕಪ್ಪಾಗಿದ್ದರೆ ಉಜ್ಜಬೇಡಿ. ಸೀಳಿದ ರೇಷ್ಮೆಯನ್ನೂ ಬಣ್ಣ ಬಿಡುವ ತುಂಡನ್ನೂ ಮನೆಯಲ್ಲಿ ತಿದ್ದದೆ ಪರಿಣತರ ಕೈಗೆ ಕೊಡುವುದು ಲೇಸು. ಕೋಟೆ ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಣಾ ಕೇಂದ್ರವೇ ಇದೆ.

ಜಾಗದ ಆಯ್ಕೆಯೂ ಮುಖ್ಯ. ವಸ್ತುಸಂಗ್ರಹಾಲಯಗಳು ಹಳೆಯ ಜವಳಿಯ ಮೇಲೆ ಸುಮಾರು 50 ಲಕ್ಸ್ ಬೆಳಕನ್ನಷ್ಟೇ ಬೀಳಗೊಡುತ್ತವೆ, ಅಂದರೆ ಮಬ್ಬು ಬೆಳಕು. ಕಿಟಕಿಯ ಎದುರು ಗೋಡೆ, ಅಡುಗೆಮನೆ, ಬಚ್ಚಲಿಗೆ ಅಂಟಿದ ಗೋಡೆ ಯಾವುದೂ ಆಗದು. ಉಪ್ಪಿನ ಗದ್ದೆಗಳ ನೆರೆಯ ವಡಾಲದಲ್ಲಿ ಮಳೆಗಾಲಕ್ಕೆ ಹೊರಗೋಡೆ ಜಿನುಗುವುದುಂಟು. ಒಳಗಿನ ಗೋಡೆಯೇ ಆಗಲಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಬಿಲ್ಲೆ ಅಂಟಿಸಿದರೆ ನಡುವೆ ಗಾಳಿಯಾಡುತ್ತದೆ. ಫ್ರೇಮು ಮುಚ್ಚುವ ಮುನ್ನ ಯಾರು ಹೆಣೆದದ್ದು, ಯಾರ ಮದುವೆಗೆ, ಯಾವ ಊರಲ್ಲಿ ಎಂದು ಪೆನ್ಸಿಲಿನಲ್ಲಿ ಚೀಟಿ ಬರೆದು ಹಿಂದಿನ ರಟ್ಟಿನ ಹೊರಮೈಗೆ ಹಚ್ಚಿ. ಹಚ್ಚೆ ಹೊಯ್ದಂತೆ ಹೆಣೆದ ಆ ಕೈಯ ಹೆಸರನ್ನು ಹೇಳಬಲ್ಲ ಅತ್ತೆ, ಚಿಕ್ಕಮ್ಮ ಯಾರಾದರೂ ಇದ್ದರೆ ಈ ವಾರವೇ ಫೋನ್ ಮಾಡಿ ಕೇಳಿ.